ಕಳ್ಳ ಓದಿದ ಉತ್ತರ

ಸೆಪ್ಟೆಂಬರ್ 2, ಮಂಗಳವಾರ

ಬೆಳಿಗ್ಗೆ ಒಂದು ಇಮೇಲ್ ಬಂತು, ನಾನು ದಿನಾ ಓದುವ ಸುದ್ದಿ ತಾಣದಿಂದ. ಅವರ ಕಂಪ್ಯೂಟರಿಗೆ ಯಾರೋ ನುಗ್ಗಿ ಓದುಗರ ವಿವರಗಳನ್ನೆಲ್ಲ ಕದ್ದುಕೊಂಡು ಹೋಗಿದ್ದಾರಂತೆ. ಹೆಸರು, ಹುಟ್ಟಿದ ದಿನ, ಫೋನ್ ನಂಬರು, ಮನೆಯ ವಿಳಾಸ, ಪಾಸ್‌ವರ್ಡು, ಎಲ್ಲ. ಕೊನೆಗೆ ಒಂದು ಸಾಲು: ‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.’ ಅನನುಕೂಲವಂತೆ. ನಮ್ಮ ಮೀನಂಗಡಿ ಪೇಟೆಯಲ್ಲಿ ಬಸ್ಸು ತಪ್ಪಿದರೆ ಅದು ಅನನುಕೂಲ. ಓದುತ್ತ ಓದುತ್ತ ನನಗೆ ಮೈಯೆಲ್ಲ ಉರಿಯಿತು.

ಕಳ್ಳತನ ಆದದ್ದು ಜೂನ್ ತಿಂಗಳಲ್ಲಿ. ಇವರು ಬಾಯಿ ಬಿಡುತ್ತಿರುವುದು ಈಗ, ಓಣಂ ರಜೆಯಲ್ಲಿ, ಯಾರೂ ಇಮೇಲ್ ನೋಡದ ವಾರ ಹುಡುಕಿ. ನಮ್ಮ ಶಾಲೆಯ ಏಳನೇ ತರಗತಿಯವರು ಕಿಟಕಿ ಗಾಜು ಒಡೆದರೂ ಸಂಜೆಯೊಳಗೆ ಬಂದು ಒಪ್ಪಿಕೊಳ್ಳುತ್ತಾರೆ.

ನಾನು ಅಲ್ಲಿ ಹೆಸರು ಕೊಟ್ಟದ್ದು ನಾಲ್ಕು ವರ್ಷದ ಹಿಂದೆ. ಶಾಲೆಯ ಬಾವಿ ನೀರು ಕೆಟ್ಟಿದೆ ಎಂದು ಅವರು ತಪ್ಪು ಸುದ್ದಿ ಹಾಕಿದ್ದರು. ಅದರ ಕೆಳಗೆ ಮೂರು ಸಾಲಿನ ಉತ್ತರ ಬರೆಯಬೇಕಾದರೆ ಮೊದಲು ಮೊಳದುದ್ದದ ಫಾರಂ ತುಂಬಬೇಕಿತ್ತು. ಬಾವಿ ನೀರಿಗೂ ನಾನು ಹುಟ್ಟಿದ ದಿನಕ್ಕೂ ಏನು ಸಂಬಂಧ ಎಂದು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಲೆಕ್ಕದ ಟೀಚರಾಗಿ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಖಾಲಿ ಬಿಟ್ಟ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಎಲ್ಲ ತುಂಬಿದೆ, ಮನೆ ಹೆಸರು ಸಹಿತ.

ನನ್ನ ಗಂಡ ಆದಿರಾಜರಿಗೆ ಹೇಳಿದೆ. ಕಾಫಿ ಗಿಡ ಬಿಟ್ಟರೆ ಜಗತ್ತಿನಲ್ಲಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಮನುಷ್ಯ. ನಮ್ಮಲ್ಲಿ ಕದಿಯುವಂಥದ್ದು ಏನಿದೆ ಎಂದು ಕೇಳಿ ತೋಟಕ್ಕೆ ಹೋದರು. ಅವರ ಮೇಲೂ ಸಿಟ್ಟು ಬಂತು.

ಸೆಪ್ಟೆಂಬರ್ 3, ಬುಧವಾರ

ಪಕ್ಕದ ಮನೆಯ ಶ್ರೀಜಳನ್ನು ಕರೆಸಿದೆ. ನಮ್ಮ ಶಾಲೆಯಲ್ಲೇ ಕಂಪ್ಯೂಟರ್ ಕಲಿಸುವವಳು, ವಯಸ್ಸಿನಲ್ಲಿ ನನ್ನ ಅರ್ಧ. ಆ ತಾಣದ ಪಾಸ್‌ವರ್ಡನ್ನು ಬೇರೆ ಎಲ್ಲಾದರೂ ಹಾಕಿದ್ದೀರಾ ಟೀಚರೇ ಎಂದು ಕೇಳಿದಳು. ಎಲ್ಲ ಕಡೆಯೂ ಅದನ್ನೇ ಹಾಕಿದ್ದೇನೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ದಡ್ಡ ಮಕ್ಕಳನ್ನು ನೋಡುವ ನೋಟ ಅದು. ನನಗೆ ಚೆನ್ನಾಗಿ ಗೊತ್ತು.

ಆ ಪಾಸ್‌ವರ್ಡು ಅಮ್ಮನ ಹೆಸರು, ಜಿನಮತಿ. ಅದರ ಮುಂದೆ ಅಮ್ಮ ಹುಟ್ಟಿದ ವರ್ಷ. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಅವಳ ಹೆಸರನ್ನು ದಿನಕ್ಕೊಮ್ಮೆಯಾದರೂ ಬರೆದಂತಾಗುತ್ತದೆ ಎಂದು ಹಾಗಿಟ್ಟುಕೊಂಡಿದ್ದೆ. ಈಗ ಆ ಹೆಸರು ಯಾವನೋ ಪೋಲಿಯ ಪಟ್ಟಿಯಲ್ಲಿದೆ. ಮಾರಿದರೂ ಮಾರಿರಬಹುದು ಎಂದು ಶ್ರೀಜ ಹೇಳಿದಳು.

ಮಧ್ಯಾಹ್ನದವರೆಗೆ ಕೂತು ಇಮೇಲು, ಬ್ಯಾಂಕು, ಶಾಲೆಯ ತಾಣ, ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡು ಹಾಕಿದೆವು. ಪ್ರತಿ ಸಲವೂ ಅಮ್ಮನ ಹೆಸರನ್ನು ಅಳಿಸಬೇಕಾಗಿ ಬಂತು. ಏಳು ಸಲ ಅಳಿಸಿದೆ. ವಾಟ್ಸಾಪಿಗೂ ಒಂದು ಗುಟ್ಟಿನ ಪಿನ್ ಹಾಕಿಬಿಡೋಣ, ಹಾಕಿದರೆ ನಿಮ್ಮ ನಂಬರನ್ನು ಬೇರೆಯವರು ತಮ್ಮ ಫೋನಿನಲ್ಲಿ ತೆರೆಯಲು ಆಗುವುದಿಲ್ಲ ಎಂದಳು. ಅಷ್ಟು ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ಅದನ್ನು ಇನ್ನೊಂದು ದಿನ ನೋಡೋಣ ಎಂದು ಅವಳನ್ನು ಸಾಗಹಾಕಿದೆ.

ಸೆಪ್ಟೆಂಬರ್ 6, ಶನಿವಾರ

ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಹತ್ತು ದಿನ ಇವತ್ತಿಗೆ ಮುಗಿಯಿತು. ಬಸದಿ ತುಂಬಿತ್ತು. ಅವಳೂ ಬಂದಿದ್ದಳು, ಕಾಟ್ಟಿಕುಳಂನವಳು. ಕಂಬದ ಆಚೆ ಅವಳು, ಈಚೆ ನಾನು. ಒಂದೇ ತಾಯಿಯ ಮಕ್ಕಳು ಎಂದು ಹೊರಗಿನವರಿಗೆ ಗೊತ್ತಾಗುವಂತಿರಲಿಲ್ಲ. ತೆಳ್ಳಗಾಗಿದ್ದಾಳೆ. ಆದರೆ ಆಗಲಿ.

ಸೋಮವಾರ ಕ್ಷಮಾವಣಿ. ನಮ್ಮ ಜೈನರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಮೊದಲೆಲ್ಲ ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದರು, ಈಗ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅವತ್ತು ಬಂದ ಕೋರಿಕೆಯನ್ನು ನಮ್ಮವರು ಯಾರೂ ತೆರೆಯದೆ ಬಿಡುವುದಿಲ್ಲ. ಕ್ಷಮೆ ಕೇಳಿದವರಿಗೆ ಇಲ್ಲ ಎನ್ನುವ ಹಾಗೂ ಇಲ್ಲ. ನಾನು ಪ್ರತಿ ವರ್ಷ ಎಲ್ಲರಿಗೂ ಕಳಿಸುತ್ತೇನೆ, ಅವಳೊಬ್ಬಳನ್ನು ಬಿಟ್ಟು. ಈ ವರ್ಷವೂ ಹಾಗೆಯೇ.

ಯಾಕೆ ಕಳಿಸಬೇಕು? ಅಮ್ಮ ಅರುವತ್ತು ವರ್ಷ ವ್ರತ ಹಿಡಿದು ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗಿಟ್ಟವಳಲ್ಲ. ಕೊನೆಯ ವರ್ಷ ನಮ್ಮಲ್ಲಿದ್ದಳು. ಕಣ್ಣು ಪೂರಾ ಹೋಗಿತ್ತು. ಸಕ್ಕರೆ ಕಾಯಿಲೆಗೆ ಮಾತ್ರೆ ಬದಲಿಸಿದ ಡಾಕ್ಟರು, ಏಳೂವರೆಗೆ ಸ್ವಲ್ಪ ಗಂಜಿ ಕೊಡಲೇಬೇಕು, ಇಲ್ಲದಿದ್ದರೆ ಮಲಗಿದಲ್ಲೇ ಪ್ರಜ್ಞೆ ತಪ್ಪುತ್ತದೆ ಎಂದರು. ಅಮ್ಮ ಒಪ್ಪಲಿಲ್ಲ. ನಾನು ಸುಳ್ಳು ಹೇಳಿದೆ. ಹೊರಗೆ ಆಷಾಢದ ಮಳೆ. ಮೋಡ ಕವಿದಿದೆ ಅಮ್ಮ, ಇನ್ನೂ ಐದೂವರೆ ಎಂದೆ. ಇಪ್ಪತ್ತು ದಿನ ಹಾಗೆ ಹೇಳಿ ಉಣಿಸಿದೆ. ಇಪ್ಪತ್ತನೇ ದಿನ ಇವಳು ಅಮ್ಮನನ್ನು ನೋಡಲು ಬಂದು ಎರಡು ದಿನ ಉಳಿದಳು. ನಾನು ಉಣಿಸುವುದನ್ನು ನೋಡಿದಳು. ಮರುದಿನ ನಾನು ಶಾಲೆಗೆ ಹೋದಾಗ ಎಲ್ಲವನ್ನೂ ಅಮ್ಮನಿಗೆ ಹೇಳಿಬಿಟ್ಟಳು. ಅವತ್ತಿನಿಂದ ಸಂಜೆ ಅಮ್ಮ ಬಾಯಿ ತೆರೆಯಲಿಲ್ಲ. ಹನ್ನೊಂದು ದಿನಕ್ಕೆ ಹೋದಳು.

ನೀನು ಅಮ್ಮನ ವ್ರತ ಕೆಡಿಸಿದೆ ಎಂದು ಇವಳು. ನೀನು ಅಮ್ಮನನ್ನು ಕೊಂದೆ ಎಂದು ನಾನು. ಅಮ್ಮ ಹೋದ ಹನ್ನೆರಡನೇ ದಿನ, ನೆಂಟರೆಲ್ಲರ ಎದುರಿಗೆ. ಆಮೇಲೆ ಮಾತಿಲ್ಲ.

ಇಷ್ಟು ಬರೆದದ್ದೇ ಹೆಚ್ಚು. ಸಾಕು.

ಸೆಪ್ಟೆಂಬರ್ 8, ಸೋಮವಾರ

ನನ್ನಷ್ಟು ಮೂರ್ಖಳು ಈ ಜಿಲ್ಲೆಯಲ್ಲಿಲ್ಲ.

ಎಂಟು ಗಂಟೆಗೆ ಫೋನು ಬಂತು. ರಜೆ ಮುಗಿದು ಶಾಲೆ ತೆರೆಯುವ ದಿನ, ಸೀರೆಗೆ ಪಿನ್ನು ಹಾಕುತ್ತಿದ್ದೆ. ಸುದ್ದಿ ತಾಣದ ಭದ್ರತಾ ವಿಭಾಗದವನಂತೆ. ಒಳ್ಳೆಯ ಮಲಯಾಳಂ, ತಗ್ಗಿದ ದನಿ. ನನ್ನ ಹೆಸರು, ಹುಟ್ಟಿದ ದಿನ, ಮನೆ ಹೆಸರು, ಬಾವಿ ನೀರಿನ ಬಗ್ಗೆ ನಾನು ಬರೆದ ಮೂರು ಸಾಲು, ಎಲ್ಲ ಹೇಳಿದ. ತಾಣದವರಿಗಲ್ಲದೆ ಇನ್ಯಾರಿಗೆ ಇದೆಲ್ಲ ಗೊತ್ತಿರುತ್ತದೆ ಎಂದು ನಂಬಿದೆ. ಕದ್ದವರಿಗೂ ಗೊತ್ತಿರುತ್ತದೆ ಎಂಬುದು ತಲೆಗೆ ಹೋಗಲಿಲ್ಲ.

ಕೈಗೆ ಸಿಕ್ಕಿದ ಎಂದು ಹತ್ತು ನಿಮಿಷ ಬಾಯಿಗೆ ಬಂದಂತೆ ಬೈದೆ. ಅವನು ಒಂದು ಮಾತೂ ಎದುರಾಡಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದ:

“ಟೀಚರ್ ಹೇಳಿದ್ದೆಲ್ಲ ಸರಿ. ನಮ್ಮಿಂದ ತಪ್ಪಾಗಿದೆ. ಕ್ಷಮಿಸಬೇಕು.”

ಇವತ್ತಿನ ದಿನ ಕ್ಷಮೆ ಕೇಳಿದ. ನನ್ನ ಸಿಟ್ಟು ಸರ್ರನೆ ಇಳಿಯಿತು. ಇವತ್ತು ಕೇಳಿದವರಿಗೆ ಇಲ್ಲ ಎನ್ನಬಾರದೆಂದು ಹುಟ್ಟಿದಾಗಿನಿಂದ ಕಲಿತದ್ದು. ಆಯ್ತಪ್ಪ, ಇನ್ನು ಮುಂದಾದರೂ ಸರಿಯಾಗಿ ಕೆಲಸ ಮಾಡಿ ಎಂದೆ. ಹಾಗಾದರೆ ನಿಮ್ಮ ಖಾತೆಗೆ ಬೀಗ ಹಾಕುತ್ತೇನೆ, ಫೋನಿಗೆ ಆರಂಕಿಯ ನಂಬರು ಬರುತ್ತದೆ, ಓದಿ ಹೇಳಿ ಎಂದ. ಓದಿ ಹೇಳಿದೆ. ಡಿಕ್ಟೇಷನ್ ಕೊಡುವವಳ ಹಾಗೆ ಎರಡೆರಡು ಸಲ, ಬಿಡಿಸಿ ಬಿಡಿಸಿ.

ಮೀನಂಗಡಿ ಪೇಟೆ ತಲುಪುವ ಮೊದಲೇ ನನ್ನ ವಾಟ್ಸಾಪು ನನ್ನ ಕೈಯಲ್ಲಿರಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ನಿನ್ನೆ ನನ್ನ ನಂಬರಿಗೆ ಎಲ್ಲ ಕಡೆಯಿಂದ ಕ್ಷಮಾವಣಿಯ ಸಂದೇಶ ಬರುತ್ತಿತ್ತಲ್ಲ, ಆ ಕಳ್ಳ ಅದರಲ್ಲೇ ಒಂದನ್ನು ಎತ್ತಿಕೊಂಡು, ಕೆಳಗೊಂದು ಲಿಂಕ್ ಅಂಟಿಸಿ, ನಮ್ಮ ಸಮಾಜದ ಗ್ರೂಪಿನಲ್ಲಿರುವ ಒಬ್ಬೊಬ್ಬರಿಗೂ ನನ್ನ ಹೆಸರಿನಿಂದ ಕಳಿಸಿದ್ದಾನೆ. ‘ಆತ್ಮೀಯರೇ, ಅರಿತೋ ಅರಿಯದೆಯೋ ನನ್ನಿಂದ ನೋವಾಗಿದ್ದರೆ ಕ್ಷಮಿಸಿ. ನಿಮಗಾಗಿ ಒಂದು ಶುಭಾಶಯ ಪತ್ರ, ತೆರೆದು ನೋಡಿ.’ ಬೇರೆ ಯಾವ ದಿನವಾದರೂ ಅರ್ಧ ಜನ ನೋಡದೆ ಅಳಿಸುತ್ತಿದ್ದರು. ನಿನ್ನೆ ಯಾರು ಅಳಿಸುತ್ತಾರೆ? ಅದರಲ್ಲೂ ನಾನು, ಸರೋಜ ಟೀಚರ್, ಕಳಿಸಿದ್ದು. ಎಲ್ಲರೂ ತೆರೆದರು. ತೆರೆದರೆ ಅಲ್ಲಿಯೂ ಆರಂಕಿ ಕೇಳುತ್ತದೆ. ಹನ್ನೊಂದು ಜನ ಕೊಟ್ಟಿದ್ದಾರೆ. ಹನ್ನೊಂದು ಜನರ ವಾಟ್ಸಾಪು ಈಗ ಅವನ ಕೈಯಲ್ಲಿದೆ.

ಕಲ್ಪೆಟ್ಟದ ಸೈಬರ್ ಪೊಲೀಸರಲ್ಲಿಗೆ ಹೋಗಿ ದೂರು ಕೊಟ್ಟು ಬಂದೆ. ಸುಧೀಶ್ ಎಂಬ ಪೊಲೀಸ್ ಸಾವಧಾನವಾಗಿ ಎಲ್ಲ ಬರೆದುಕೊಂಡ. ಕಳ್ಳ ನನ್ನ ಖಾತೆಗೆ ತನ್ನದೇ ಪಿನ್ ಹಾಕಿಕೊಂಡಿದ್ದಾನಂತೆ. ಶ್ರೀಜ ನಿನ್ನೆ ರಾತ್ರಿಯೇ ಅವನನ್ನು ಹೊರಗೆ ತಳ್ಳಿದ್ದಾಳೆ, ಆದರೆ ಆ ಪಿನ್ ಇಲ್ಲದೆ ನಾನು ಒಳಗೆ ಹೋಗಬೇಕಾದರೆ ಏಳು ದಿನ ಕಾಯಬೇಕು. ಶ್ರೀಜ ಅವತ್ತು ಹಾಕೋಣ ಎಂದದ್ದು ಅದೇ ಪಿನ್. ಅವಳು ಅದನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಅವಳಿಗೂ ಬೈಯುತ್ತಿದ್ದೆ.

ಸಂಜೆ ಹನ್ನೊಂದು ಮನೆಗೂ ಫೋನು ಮಾಡಲು ಕೂತೆ. ಹತ್ತು ಮನೆಗೆ ಮಾಡಿದೆ. ಹನ್ನೊಂದು ಎಂದು ಲೆಕ್ಕ ಕೊಟ್ಟದ್ದು ಪೊಲೀಸರು, ಹನ್ನೊಂದನೆಯದು ಯಾರದೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಒಬ್ಬೊಬ್ಬರನ್ನೂ ಕ್ಷಮಿಸಿ ಎಂದು ಕೇಳಿದೆ. ಯಾರೂ ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಸೆಪ್ಟೆಂಬರ್ 12, ಶುಕ್ರವಾರ

ಹನ್ನೊಂದನೆಯವಳು ಪದ್ಮಾಕ್ಷಿ, ಕಾಟ್ಟಿಕುಳಂನವಳು.

ಪನಮರಂನಿಂದ ಚಿಕ್ಕಮ್ಮನ ಮಗಳು ಲತಾಮಣಿ ಫೋನು ಮಾಡಿದ್ದಳು. ನೀನು ಪದ್ಮಾಕ್ಷಿ ಅಕ್ಕನಿಗೂ ಕ್ಷಮಾವಣಿ ಕಳಿಸಿದೆಯಂತಲ್ಲ, ಎಷ್ಟು ಒಳ್ಳೆಯದಾಯಿತು ಎಂದು ಶುರುಮಾಡಿದಳು. ನಾನು ಕಳಿಸಿದ್ದಲ್ಲ ಎಂದು ಹೇಳುವ ಮೊದಲೇ ಮುಂದಿನದನ್ನೂ ಹೇಳಿದಳು. ಪದ್ಮಾಕ್ಷಿ ಉತ್ತರ ಬರೆದಿದ್ದಾಳಂತೆ. ಎಲ್ಲರ ಹಾಗೆ ಕೈಮುಗಿದ ಚಿತ್ರ ಹಾಕಿ ಬಿಟ್ಟಿಲ್ಲ. ಅರ್ಧ ಗಂಟೆ ಹಿತ್ತಲ ಕಟ್ಟೆಯ ಮೇಲೆ ಕೂತು ಬರೆದಳಂತೆ. ಬರೆದು ಕಳಿಸಿದ ಮೇಲೆ ಆ ಲಿಂಕು ತೆರೆದಳಂತೆ.

ಫೋನು ಇಟ್ಟ ಮೇಲೆ ಒಂದು ಗಂಟೆ ಏನೂ ಮಾಡಲಿಲ್ಲ. ಅನ್ನ ಸೀದುಹೋಯಿತು.

ಆ ಕ್ಷಮೆ ನನ್ನದಲ್ಲ. ನಾನು ಕೇಳಿಲ್ಲ. ಕೇಳುವ ಮನಸ್ಸೂ ಇರಲಿಲ್ಲ. ಯಾವನೋ ಎಲ್ಲೋ ಕೂತು ನನ್ನ ಹೆಸರಿನಲ್ಲಿ ನನ್ನ ಅಕ್ಕನ ಕಾಲಿಗೆ ಬಿದ್ದಿದ್ದಾನೆ. ನಾನು ಆರು ವರ್ಷ ಹಲ್ಲು ಕಚ್ಚಿ ಹಿಡಿದದ್ದನ್ನು ಅವನು ಒಂದು ಕ್ಷಣದಲ್ಲಿ ಬಿಟ್ಟುಕೊಟ್ಟ. ಅವನ ಕೈ ಮುರಿಯ.

ಏನು ಬರೆದಿದ್ದಾಳೋ. ಅರ್ಧ ಗಂಟೆ ಬರೆಯುವಂಥದ್ದು ಏನಿರುತ್ತದೆ?

ಸೆಪ್ಟೆಂಬರ್ 13, ಶನಿವಾರ

ಇನ್ನು ಎರಡು ದಿನ.

ಸೆಪ್ಟೆಂಬರ್ 15, ಸೋಮವಾರ

ಖಾತೆ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಶ್ರೀಜ ಪಕ್ಕದಲ್ಲೇ ಕೂತು ತೆರೆಸಿದಳು. ಮೊದಲು ಪಿನ್ ಹಾಕಿಸಿದಳು. ಆಮೇಲೆ ನಾನು ನೇರ ಪದ್ಮಾಕ್ಷಿಯ ಹೆಸರನ್ನು ಹುಡುಕಿದೆ. ಹೊಸದೇನೂ ಇರಲಿಲ್ಲ. ಮತ್ತೆ ಹುಡುಕಿದೆ. ಕೊನೆಯ ಮಾತು ಆರು ವರ್ಷದ ಹಿಂದಿನದು, ಅಮ್ಮನ ಮಾತ್ರೆಯ ಚೀಟಿಯ ಫೋಟೋ.

ಆ ದಿನ ಬಂದದ್ದೆಲ್ಲ ಅವನ ಫೋನಿಗೆ ಹೋಗಿದೆ ಟೀಚರೇ, ನಿಮ್ಮದಕ್ಕೆ ಇನ್ನು ಬರುವುದಿಲ್ಲ ಎಂದಳು ಶ್ರೀಜ. ಕಳಿಸಿದವರ ಫೋನಿನಲ್ಲಿ ಇದ್ದೇ ಇರುತ್ತದಲ್ಲ ಎಂದೆ. ಆಗ ನೆನಪಾಯಿತು, ಅಕ್ಕನ ಫೋನು ಕೆಟ್ಟಿತೆಂದು ಮಾನಂದವಾಡಿಯ ಅಂಗಡಿಯವನು ಎಲ್ಲ ಅಳಿಸಿ ಹೊಸದು ಮಾಡಿ ಕೊಟ್ಟನೆಂದು ಲತಾಮಣಿ ಹೇಳಿದ್ದಳು.

ಅಂದರೆ ಅದು ಎಲ್ಲೂ ಇಲ್ಲ. ಅಕ್ಕ ಬರೆದದ್ದನ್ನು ಈ ಪ್ರಪಂಚದಲ್ಲಿ ಓದಿದವನು ಒಬ್ಬನೇ, ಆ ಕಳ್ಳ. ಅವನಿಗೆ ಕನ್ನಡ ಬರುತ್ತದೆಯೋ ಇಲ್ಲವೋ. ಬರದಿದ್ದರೆ ಯಂತ್ರಕ್ಕೆ ಹಾಕಿ ಓದಿರುತ್ತಾನೆ. ಅದರಲ್ಲಿ ಬ್ಯಾಂಕಿನ ನಂಬರು ಇದೆಯೇ ಎಂದು ನೋಡಿ ಮುಂದಕ್ಕೆ ಹೋಗಿರುತ್ತಾನೆ.

ಐದನೇ ಪೀರಿಯಡ್ಡಿನಲ್ಲಿ ಭಿನ್ನರಾಶಿ ತಪ್ಪು ಮಾಡಿದ ಮಗುವಿಗೆ ಗದರಿದೆ. ಅದು ಅತ್ತಿತು. ಅಷ್ಟು ಗದರುವಂಥ ತಪ್ಪೇನೂ ಆಗಿರಲಿಲ್ಲ ಅದು.

ಸೆಪ್ಟೆಂಬರ್ 17, ಬುಧವಾರ

ಸುದ್ದಿ ತಾಣದಿಂದ ಇನ್ನೊಂದು ಇಮೇಲ್. ನಾನು ಅವರಿಗೆ ಬರೆದು ಕಳಿಸಿದ್ದ ದೂರು ತಲುಪಿದೆಯಂತೆ. ನನ್ನನ್ನು ಗುರುತಿಸಲು ಹುಟ್ಟಿದ ದಿನ ಮತ್ತು ಫೋನ್ ನಂಬರು ಕಳಿಸಬೇಕಂತೆ. ಕದ್ದವನನ್ನೇ ಕೇಳಿ, ಅವನಲ್ಲಿದೆ ಎಂದು ಬರೆದೆ. ನನ್ನ ಖಾತೆ ಮುಚ್ಚಿ, ನನ್ನ ವಿವರ ಅಳಿಸಿ ಎಂದೂ ಬರೆದೆ. ಶ್ರೀಜ ನಗುತ್ತಿದ್ದಳು, ನನಗೆ ನಗು ಬರಲಿಲ್ಲ.

ಆದಿರಾಜರು ಊಟಕ್ಕೆ ಕೂತಾಗ ಒಂದು ಮಾತು ಹೇಳಿದರು. ಕೆಳಗೆ ನೋಡಿಕೊಂಡೇ ಹೇಳಿದರು. ಬರೆದವಳು ಬದುಕಿದ್ದಾಳಲ್ಲ, ಕೇಳಿದರಾಯಿತು.

ಕೇಳಬೇಕಾದರೆ ಮೊದಲು ನಾನು ಕ್ಷಮೆ ಕೇಳಿಲ್ಲವೆಂದು ಹೇಳಬೇಕು. ಹೇಳಿದರೆ ಅಕ್ಕ ಬರೆದದ್ದನ್ನು ವಾಪಸು ತೆಗೆದುಕೊಳ್ಳಬಹುದು. ಹೇಳದೆ ಸುಮ್ಮನಿದ್ದರೆ ಎಲ್ಲ ಸರಿಹೋದಂತೆ ಇರುತ್ತದೆ, ದೀಪಾವಳಿಗೆ ಬರುತ್ತಾಳೆ, ಹೋಗುತ್ತೇನೆ, ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗೆ ಇದ್ದುಬಿಡಲೇ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಯೋಚಿಸಿದಷ್ಟೂ ನನ್ನ ಮೇಲೇ ಸಿಟ್ಟು ಬರುತ್ತಿದೆ. ಕಣ್ಣಿಲ್ಲದವರಿಗೆ ಹಗಲು ಎಂದು ಹೇಳಿ ಉಣಿಸುವ ಕೆಲಸ ಒಂದು ಸಲ ಮಾಡಿಯಾಗಿದೆ.

ಸೆಪ್ಟೆಂಬರ್ 20, ಶನಿವಾರ

ಕಾಟ್ಟಿಕುಳಂಗೆ ಹೋಗಿ ಬಂದೆ. ಮಾನಂದವಾಡಿಯಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ಬಾವಲಿ ಊರಿನ ಕಡೆ ಹೋಗುವ ಬಸ್ಸಿನಲ್ಲಿ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಮೆಸೇಜು ನನ್ನದಲ್ಲ ಎಂದು ಹೇಳುವುದು, ನೀರು ಕುಡಿಯುವುದು, ಮುಂದಿನ ಬಸ್ಸಿಗೆ ಹೊರಡುವುದು.

ಅಕ್ಕ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ನೇಂದ್ರ ಬಾಳೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟಳು. ಬಾ ಎಂದಳು, ಅಷ್ಟೇ. ನಾನೂ ನೆಲಕ್ಕೇ ಕೂತೆ. ಜೋಡಿಸಿಕೊಂಡು ಹೋದದ್ದು ಒಂದೂ ಬಾಯಿಗೆ ಬರಲಿಲ್ಲ. ಫೋನು ಕೊಡು ಎಂದೆ. ವಾಟ್ಸಾಪಿನಲ್ಲಿ ಪಿನ್ ಹಾಕುವ ಜಾಗ ತೆರೆದುಕೊಟ್ಟು, ಆರಂಕಿ ನೀನೇ ಹಾಕು, ಯಾರಿಗೂ ಹೇಳಬೇಡ, ನನಗೂ ಹೇಳಬೇಡ ಎಂದು ಗೋಡೆಯ ಕಡೆ ತಿರುಗಿ ಕೂತೆ. ಅವಳು ಒಂದೊಂದಾಗಿ ಒತ್ತುವುದು ಕೇಳಿಸುತ್ತಿತ್ತು. ಹಾಗೆ ತಿರುಗಿ ಕೂತಿದ್ದಾಗಲೇ ಮಾತು ಬಂತು.

“ಅಕ್ಕ, ಅವತ್ತಿನ ಮೆಸೇಜು ನಾ ಕಳ್ಸಿದ್ದಲ್ಲ. ನಾನಾಗಿದ್ರೆ ನಿಂಗೆ ಕಳ್ಸ್ತಾನೂ ಇರ್ಲಿಲ್ಲ.”

“ಗೊತ್ತು,” ಎಂದಳು. “ಕಳ್ಳನ ಕಥೆ ಆಮೇಲೆ ಗೊತ್ತಾಯ್ತು. ಅವತ್ತು ಮಾತ್ರ, ಎಲ್ಲರಿಗೂ ಕಳ್ಸುವಾಗ ನನ್ನ ಬಿಡೋದು ಮರ್ತಿದ್ದಿ ಅಂತ ತಿಳ್ಕೊಂಡೆ. ನೀ ನನ್ನ ಆತ್ಮೀಯರೇ ಅಂತ ಕರೀತೀಯಾ? ಆದ್ರೂ, ಮರ್ತದ್ದೇ ಸಾಕೂಂತ ಆಯ್ತು ನಂಗೆ.”

ನೀನು ಬರೆದದ್ದು ನನಗೆ ಬರಲಿಲ್ಲ, ಅವನ ಕೈಗೆ ಹೋಯಿತು, ಏನು ಬರೆದಿದ್ದೆ ಎಂದು ಕೇಳಿದೆ. ಅಕ್ಕ ಬಾಳೆಕಾಯಿಯನ್ನು ಮತ್ತೆ ಕೈಗೆತ್ತಿಕೊಂಡಳು. ಎರಡು ಸುಲಿದಳು. ಬರೆಯುವುದು ಸುಲಭವಿತ್ತು ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

“ಅಮ್ಮಂಗೆ ಗೊತ್ತಿತ್ತು ಸರೋ. ನಾ ಹೋಗಿ, ರಾತ್ರಿ ಉಣಿಸ್ತಿದ್ದಾಳೆ ನಿಂಗೆ, ಮೋಸ ಮಾಡ್ತಿದ್ದಾಳೆ ಅಂದೆ. ಅಮ್ಮ ನಕ್ಕಳು. ಕಪ್ಪೆ ಕೂಗೋದು ಕೇಳಲ್ವಾ ಮಗಳೇ ನಂಗೆ, ಐದೂವರೆಗೆ ಹೀಗೆ ಕೂಗ್ತಾವಾ ಅಂದ್ಲು. ಚಿಕ್ಕವಳು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಾಳೆ, ಉಣ್ಣದಿದ್ರೆ ನೊಂದ್ಕೋತಾಳೆ ಅಂದ್ಲು.”

ಹಾಗಾದರೆ ಯಾಕೆ ನಿಲ್ಲಿಸಿದಳು ಎಂದು ಕೇಳಿದೆ. ದನಿ ಏರಿತ್ತು, ಗೊತ್ತು.

“ನಾ ನಿಲ್ಸಿದೆ. ನಿನ್ನ ಬಾಯಿಮಾತಿಗೆ ಅರುವತ್ತು ವರ್ಷದ ವ್ರತ ಬಿಟ್ಳು. ನ‌ನ್ನ ಮನೇಲಿ ಮೂರು ವರ್ಷ ಇದ್ದಾಗ, ಜ್ವರ ಬಂದಾಗ್ಲೂ, ನಾ ಕಾಲು ಹಿಡಿದ್ರೂ ಸಂಜೆಮೇಲೆ ನೀರು ಮುಟ್ಲಿಲ್ಲ. ನಂಗೆ ಹೊಟ್ಟೆ ಉರೀತು. ಇನ್ನು ರಾತ್ರಿ ಉಣ್ಣಲ್ಲ ಅಂತ ನನ್ನ ಮೇಲೆ ಆಣೆ ಹಾಕಿಸ್ದೆ ಅಮ್ಮನ ಕೈಲಿ. ವ್ರತ ಅಂತ ಎಲ್ರಿಗೂ ಹೇಳಿದ್ದು. ವ್ರತ ಅಲ್ಲ ಅದು.”

ಕತ್ತಿ ಅವಳ ಕೈಯಲ್ಲೇ ಇತ್ತು, ಸುಲಿಯುತ್ತಿರಲಿಲ್ಲ.

ನನಗೆ ಸಿಟ್ಟು ಬಂತು. ಬರಲಿಲ್ಲವೆಂದು ಈ ಪುಸ್ತಕದಲ್ಲಿ ಬರೆದರೆ ಸುಳ್ಳಾಗುತ್ತದೆ. ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತೆ. ಅಕ್ಕನ ಮೇಲೆ ಸಿಟ್ಟು, ಇಪ್ಪತ್ತು ದಿನ ನನ್ನಿಂದ ಸುಳ್ಳು ಹೇಳಿಸಿಕೊಂಡು ಉಂಡ ಅಮ್ಮನ ಮೇಲೆ ಸಿಟ್ಟು, ನಾನು ಕೇಳುವ ಹನ್ನೆರಡು ದಿನ ಮೊದಲೇ ಇದನ್ನು ಓದಿ ಬಿಸಾಡಿದವನ ಮೇಲೆ ಸಿಟ್ಟು. ಮಾನಂದವಾಡಿಯ ಬಸ್ಸು ಕೆಳಗಿನ ರಸ್ತೆಯಲ್ಲಿ ಹೋಯಿತು. ನಾನು ಹಿಡಿಯಬೇಕೆಂದುಕೊಂಡಿದ್ದ ಬಸ್ಸು ಅದೇ. ಅದು ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದೆ.

ಅಕ್ಕ ಹಾಗೆಯೇ ಕೂತಿದ್ದಳು. ಇಷ್ಟನ್ನು ಅವಳು ಎರಡನೇ ಸಲ ಹೇಳಬೇಕಾಯಿತು, ಮೊದಲನೆಯದು ಕಳ್ಳನಿಗೆ ಹೋಯಿತು ಎಂದು ಆಗ ಹೊಳೆಯಿತು. ಅವಳ ಎದುರಿಗೆ ಕೂತು, ಕತ್ತಿ ತೆಗೆದು ಪಕ್ಕಕ್ಕಿಟ್ಟು, ನಾನು ಹೇಳಬೇಕಾದದ್ದನ್ನು ಹೇಳಿದೆ. ಕ್ಷಮಾವಣಿ ಮುಗಿದು ಹನ್ನೆರಡು ದಿನವಾಗಿತ್ತು. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅಕ್ಕನಿಗೆ ಹೇಳಿದ್ದು. ಯಾವ ಫೋನಿನಲ್ಲೂ, ಯಾವ ಪುಸ್ತಕದಲ್ಲೂ ಅದು ಇರುವುದು ಬೇಡ.